ಪ್ರಾರ್ಥನೆ ಬಾಯಿಗೆ ಬಾರದ ಹೊತ್ತು

ವಿರಾಜಪೇಟೆ

ಪ್ರೀತಿಯ ಮಗಳೇ,

ನಿನ್ನ ಕಾಗದ ಸಿಕ್ಕಿತು. ಸಂಬಳ, ವೀಸಾ, ನೀನು ನೋಡಿಕೊಳ್ಳುವ ಅಜ್ಜಿಯ ಆರೋಗ್ಯ, ಎಲ್ಲ ನಿನ್ನ ಅಮ್ಮ ಹೇಳಿದ್ದಾಳೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಎರಡು ಸಾಲು. ಸೈರನ್ ಕೂಗಿದ ಕೂಡಲೇ ಅಜ್ಜಿಯ ಗಾಲಿಕುರ್ಚಿ ತಳ್ಳಿಕೊಂಡು ಆ ಗಟ್ಟಿ ಗೋಡೆಯ ಕೋಣೆಗೆ ಓಡುತ್ತೀಯ. ಬಾಗಿಲು ಹಾಕಿ ಕೂತ ಮೇಲೆ, ಕೈಯಲ್ಲಿ ಜಪಸರ ಇದ್ದರೂ ಬಾಯಿಗೆ ಒಂದು ಪ್ರಾರ್ಥನೆಯೂ ಬರುವುದಿಲ್ಲ. "ನನ್ನ ವಿಶ್ವಾಸ ಸತ್ತೇ ಹೋಯಿತೇನೋ ದೊಡ್ಡಮ್ಮಾ" ಅಂತ ಬರೆದಿದ್ದೀಯ.

ಇಲ್ಲ ಮಗಳೇ, ಸತ್ತಿಲ್ಲ. ಸತ್ತಿದ್ದರೆ ನಿನಗೆ ಇಷ್ಟು ಸಂಕಟ ಆಗುತ್ತಿತ್ತಾ?

ನೀನಿರುವ ಇಸ್ರೇಲಿನ ಹೈಫಾ ಊರು ಕಾರ್ಮೆಲ್ ಬೆಟ್ಟದ ಮೇಲಲ್ವಾ ಇರುವುದು? ಅದೇ ಬೆಟ್ಟದಲ್ಲಿ ಪ್ರವಾದಿ ಎಲೀಯ ಬಾಳನೆಂಬ ಅನ್ಯದೇವರ 450 ಪ್ರವಾದಿಗಳ ಎದುರು ಒಬ್ಬನೇ ನಿಂತ. ಅಂಥವನು, ಈಜೆಬೆಲ್ ರಾಣಿ ಕೊಲ್ಲಿಸುತ್ತೇನೆ ಅಂತ ಹೇಳಿಕಳಿಸಿದ್ದಕ್ಕೆ ಹೆದರಿ ಬೇರ್ಷೆಬದವರೆಗೆ ಓಡಿದ. ಅದರಾಚೆ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂದ. ದೇವದೂತ ಬೈಯಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದವನನ್ನು ಮತ್ತೆ ಎಬ್ಬಿಸಿ ತಿನ್ನಿಸಿದ. ಪೂಜೆಯಲ್ಲಿ ಎಷ್ಟೋ ಸಲ ಕೇಳಿದ ಪಾಠ ಇದು. ಆ ರೊಟ್ಟಿ ನನ್ನ ಮನಸ್ಸಿಗೆ ನಾಟಿದ್ದು ನಿನ್ನ ಕಾಗದ ಓದಿದ ಮೇಲೆಯೇ. ನೀನು ಸರಿಯಾಗಿ ಊಟ ಮಾಡುತ್ತಿದ್ದೀಯಾ? ರಾತ್ರಿ ಸೈರನ್ ಕೂಗಿದರೆ ಹಗಲು ಸ್ವಲ್ಪ ಮಲಗು.

ಪಾಕಿಸ್ತಾನದ ಜೊತೆ ಯುದ್ಧ ಆದ 1971ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ನಿನ್ನ ದೊಡ್ಡ ಮಾವ ಪೂರ್ವದ ಗಡಿಯಲ್ಲಿದ್ದ. ನಿನ್ನ ಅಮ್ಮ ಇನ್ನೂ ತೊಟ್ಟಿಲಲ್ಲಿ. ಕಣದಲ್ಲಿ ಕಾಫಿ ಹರಡುತ್ತಾ ಎಲ್ಲರ ಕಿವಿಯೂ ರೇಡಿಯೋ ಕಡೆಗೆ. ಗೇಟಿನ ಹತ್ತಿರ ಸೈಕಲ್ ಬೆಲ್ ಕೇಳಿದರೆ ಸಾಕು, ಟೆಲಿಗ್ರಾಂ ಬಂತು ಅಂತ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ರಾತ್ರಿ ಅಮ್ಮನ ಜೊತೆ ಜಪಸರಕ್ಕೆ ಕೂತರೆ ನನ್ನ ಹೆಬ್ಬೆರಳು ಒಂದೇ ಮಣಿಯ ಮೇಲೆ ನಿಂತುಬಿಡುತ್ತಿತ್ತು. ತುಟಿ ಮಾತ್ರ ಆಡಿಸುತ್ತಿದ್ದೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯಿತು ಅಂತ ಸುದ್ದಿ ಬಂತು. ಆದರೂ ಅವನ ಕಾಗದ ಕೈಗೆ ಸಿಗುವ ತನಕ ನನ್ನ ಮಣಿ ಮುಂದೆ ಹೋಗಲಿಲ್ಲ.

ಎಷ್ಟೋ ವರ್ಷ ಕಳೆದ ಮೇಲೆ, ಅವನು ಪೆನ್ಷನ್ ಬಂದು ತೋಟ ನೋಡಿಕೊಂಡಿದ್ದಾಗ, ಒಂದು ದಿನ ಸುಮ್ನೆ ಹೇಳಿದ: "ಅಲ್ಲಿ ಶೆಲ್ ಬೀಳುವಾಗ ನಮೋ ಮರಿಯ ಜಪ ಅರ್ಧಕ್ಕೇ ಮರೆತುಹೋಗುತ್ತಿತ್ತು." ನಾನು ಮುಂದೆ ಕೇಳಬೇಕಿತ್ತು. ಅಷ್ಟರಲ್ಲಿ ಮಳೆ ಹನಿ ಬಿತ್ತು, ಕಾಫಿ ಮುಚ್ಚಲು ಎದ್ದುಹೋದೆ. ಆಮೇಲೆ ಅವನಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ. ಈಗ ಅವನಿಲ್ಲ. ನನಗೂ ಹಾಗೇ ಆಗುತ್ತಿತ್ತು ಅಂತ ಅವನಿಗೆ ಗೊತ್ತೇ ಆಗಲಿಲ್ಲ. ಅದಕ್ಕೇ ನಿನಗಾದರೂ ಹೇಳುತ್ತಿದ್ದೇನೆ.

ನಮ್ಮ ಸಂತ ಅನ್ನಮ್ಮನ ಚರ್ಚಿನ ಕಥೆ ನಿನಗೆ ಗೊತ್ತೇ ಇದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಅರಸರ ಆಶ್ರಯದಲ್ಲಿ ಇಲ್ಲಿ ನೆಲೆ ನಿಂತವರು ಶ್ರೀರಂಗಪಟ್ಟಣದ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರು. ಜೀವಭಯದಿಂದ ಓಡಿಬಂದವರು ಮಗಳೇ. ಆ ಭಯದ ಜೊತೆಗೇ ಅವರ ವಿಶ್ವಾಸವೂ ಇಲ್ಲಿಗೆ ಬಂತು. ನೀನು ಜ್ಞಾನಸ್ನಾನ ಪಡೆದದ್ದು ಆ ಚರ್ಚಿನಲ್ಲೇ.

ಪ್ರಾರ್ಥನೆ ಬರದಿದ್ದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಗೇ ಬೆವರು ರಕ್ತದ ಹನಿಯ ಹಾಗೆ ಬಿತ್ತು. ಮೂರನೇ ಸಲವೂ ಅವರು ಅದೇ ಮಾತನ್ನು ಹೇಳಿ ಪ್ರಾರ್ಥಿಸಿದರು. ನೀನೂ "ಯೇಸುವೇ, ಜೊತೆಗಿರು" ಅಂತ ಅಷ್ಟೇ ಹೇಳು. ಅದೂ ಬಾರದಿದ್ದರೆ ಅಜ್ಜಿಯ ಕೈ ಹಿಡಿದುಕೊಂಡು ಕೂತಿರು. ಇಲ್ಲಿ ರಾತ್ರಿ ಎಂಟಕ್ಕೆ ನಾವು ಜಪಸರ ಹೇಳುತ್ತೇವೆ, ಆಗ ನಿನಗೆ ಸಂಜೆ ಐದೂವರೆ. ನಿನ್ನ ಪಾಲಿನದನ್ನೂ ನಾನು ಹೇಳುತ್ತೇನೆ.

ಇನ್ನೊಂದು ಮಾತು, ಬೇಜಾರು ಮಾಡಬೇಡ. ರಾತ್ರಿಯೆಲ್ಲ ಫೋನಿನಲ್ಲಿ ಬಾಂಬಿನ ವಿಡಿಯೋ ನೋಡಬೇಡ. ಎಚ್ಚರಿಕೆಯ ಸದ್ದು ಮಾತ್ರ ಇಟ್ಟುಕೋ. ದ್ವೇಷ ಹಚ್ಚುವ ಮಾತು ಬಂದರೆ ಮುಂದಕ್ಕೆ ಕಳಿಸಬೇಡ. ಗಡಿಯ ಆ ಕಡೆಯಲ್ಲೂ ನಿನ್ನ ಹಾಗೇ ನಡುಗುತ್ತಾ ಕೂತ ಹೆಣ್ಣುಮಕ್ಕಳಿದ್ದಾರೆ. ಚಪ್ಪಲಿ ಮಂಚದ ಪಕ್ಕದಲ್ಲೇ ಇರಲಿ. ಇದೆಲ್ಲ ನನಗಿಂತ ಜಾಸ್ತಿ ನಿನಗೇ ಗೊತ್ತು.

ಊರಿಗೆ ಬರಬೇಕು ಅನ್ನಿಸಿದರೆ ಬಂದುಬಿಡು. ಹೋಗುವಾಗ ಮಾಡಿದ ಸಾಲದ ವಿಷಯ ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಅಲ್ಲೇ ಇರುತ್ತೇನೆ ಅಂದರೂ ಸರಿ. ಆದರೆ ಹೆದರಿ ಬಂದರೆ ದೇವರು ಏನಂದುಕೊಳ್ಳುತ್ತಾರೋ ಅಂತ ಮಾತ್ರ ಅಲ್ಲೇ ಉಳಿಯಬೇಡ. ಮುಂದಿನ ಕಾಗದದಲ್ಲಿ ನಿದ್ದೆ ಹೇಗೆ ಬರುತ್ತಿದೆ, ಏನು ತಿನ್ನುತ್ತಿದ್ದೀಯ, ಎರಡನ್ನೂ ಬರೆ.

ನಿನ್ನ
ದೊಡ್ಡಮ್ಮ