ಮದ್ದು ಮಾಡ್ಲಿಕ್ಕೆ ಗೊತ್ತಿದ್ದ ಹುಡುಗನಿಗೆ ಮಾರ್ಕ್ ಯಾಕಿಲ್ಲ?

ಮಾನ್ಯ ಸಂಪಾದಕರೇ,

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವಳು. ಮಗ ಸರಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಎಂಟನೇ ಕ್ಲಾಸ್, ಮಗಳು ಹೋದ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ್ಳು, ಶಾಲೆಯ ಮದರ್ ಪಿಟಿಎಯಲ್ಲಿ (ಅಮ್ಮಂದಿರ ಸಂಘದಲ್ಲಿ) ನಾನೂ ಇದ್ದೇನೆ. ಪೇಪರಿಗೆ ಬರೆದು ಅಭ್ಯಾಸ ಇಲ್ಲ, ಆದ್ರೆ ಓಣಂ ಪರೀಕ್ಷೆಯ (ಓಣಂ ರಜೆಗೆ ಮೊದಲು ಆಗುವ ಪರೀಕ್ಷೆ) ಉತ್ತರಪತ್ರಿಕೆ ಮನೆಗೆ ಬಂದ ಮೇಲೆ ಇದನ್ನು ಬರೀಲೇಬೇಕು ಅಂತ ಅನ್ನಿಸಿತು.

ಸೈನ್ಸಿನಲ್ಲಿ ಮಗನಿಗೆ 40ಕ್ಕೆ 9. ಬೈಯ್ಲಿಕ್ಕೆ ಅಂತಲೇ ಕರೆದದ್ದು ನಾನು. ಪೇಪರ್ ಬಿಡಿಸಿ ನೋಡಿದ್ರೆ ತಾಮ್ರದ ಸಲ್ಫೇಟಿನ ನೀರಿಗೆ ಕಬ್ಬಿಣದ ಮೊಳೆ ಹಾಕಿದ್ರೆ ಏನಾಗ್ತದೆ, ಯಾಕೆ, ಅಂತ ಒಂದು ಪ್ರಶ್ನೆ ಇತ್ತು, ಅವ ಅದಕ್ಕೆ ಒಂದಕ್ಷರ ಬರೀಲಿಲ್ಲ. ನಂಗೆ ನಂಬ್ಲಿಕ್ಕೇ ಆಗ್ಲಿಲ್ಲ. ಯಾಕಂದ್ರೆ ಮಳೆ ಹಿಡಿಯುವ ಮೊದಲು ನಮ್ಮ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವಾಗ ಅಪ್ಪನ ಜೊತೆ ನಿಲ್ಲೋದು ಇವನೇ. ಒಂದು ಕಿಲೋ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲೇ ಕದಡಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕ್ಬೇಕು, ಉಲ್ಟಾ ಹಾಕ್ಬಾರ್ದು, ಇದೆಲ್ಲ ಅವನ ಬಾಯಲ್ಲೇ ಉಂಟು. ಆಮೇಲೆ ತಿಕ್ಕಿ ತೊಳೆದ ಕತ್ತಿಯನ್ನು ಮದ್ದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು ತೆಗೆದು ನೋಡ್ತಾನೆ, ಅಲಗಿನ ಮೇಲೆ ಕೆಂಪು ಬಂದ್ರೆ "ಅಪ್ಪ, ಇನ್ನೂ ಸುಣ್ಣ ಬೇಕು" ಅಂತಾನೆ, ಕೆಂಪು ಬರೋದು ನಿಲ್ಲುವ ತನಕ ಸುಣ್ಣದ ನೀರು ಹಾಕ್ತಾ ಹೋಗ್ತಾನೆ. ಕೇಳಿದ್ರೆ ಕಾರಣವೂ ಹೇಳ್ತಾನೆ, ತುತ್ತದಲ್ಲಿದ್ದ ತಾಮ್ರ ಬಂದು ಕಬ್ಬಿಣಕ್ಕೆ ಹಿಡಿಯೋದು, ಹಾಗೇ ಬಿಟ್ರೆ ಹಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟು ಹೋಗ್ತದೆ ಅಂತ. ಪರೀಕ್ಷೆಯಲ್ಲಿ ಕೇಳಿದ್ದು ಇದೇ ಅಲ್ವಾ?

"ಮತ್ತೆ ಯಾಕೆ ಬರೀಲಿಲ್ಲ" ಅಂತ ಕೇಳಿದೆ. "ಪ್ರಶ್ನೆ ಎಂತದು ಅಂತ ಗೊತ್ತಾಗ್ಲಿಲ್ಲಮ್ಮ, ಅದರಲ್ಲಿ ಲಾಯನಿ ಅಂತ ಇತ್ತು" ಅಂದ. ಪುನಃ ನೋಡಿದೆ. ಹೌದು, ಲಾಯನಿ ಅಂತಲೇ ಉಂಟು. ಅದು ದ್ರಾವಣಕ್ಕೆ ಮಲಯಾಳದಲ್ಲಿ ಹೇಳೋ ಶಬ್ದ. ಮಲಯಾಳದ ಪೇಪರನ್ನು ಯಾರೋ ಗಡಿಬಿಡಿಯಲ್ಲಿ ಕನ್ನಡಕ್ಕೆ ಮಾಡಿದ್ದಾರೆ, ಆ ಶಬ್ದ ಕನ್ನಡ ಅಕ್ಷರ ಹಾಕ್ಕೊಂಡು ಹಾಗೇ ಉಳಿದಿದೆ. ಪೇಪರ್ ಮಾಡಿದವರನ್ನು ಬೈಯ್ಲಿಕ್ಕೆ ಅಂತ ನಾನು ಇದನ್ನು ಬರೀತಾ ಇಲ್ಲ, ತಪ್ಪು ಯಾರಿಂದಲೂ ಆಗ್ತದೆ, ಆದ್ರೆ ಆ 9 ಮಾರ್ಕ್ ಉಂಟಲ್ಲ ಅದು ಎಂತದ್ದರ ಮಾರ್ಕ್? ಅವನಿಗೆ ಸೈನ್ಸ್ ಗೊತ್ತಿಲ್ಲ ಅಂತಲಾ, ಓದ್ಲಿಕ್ಕೆ ಬರೂದಿಲ್ಲ ಅಂತಲಾ, ಗೊತ್ತಿದ್ದದ್ದನ್ನು ವಾಕ್ಯ ಮಾಡಿ ಬರೀಲಿಕ್ಕೆ ಬರೂದಿಲ್ಲ ಅಂತಲಾ? ಮೂರೂ ಬೇರೆ ಬೇರೆ ಕಾಯಿಲೆ, ಮೂರಕ್ಕೂ ಬೇರೆ ಬೇರೆ ಮದ್ದು. ಬರೀ ಬರವಣಿಗೆ ಪರೀಕ್ಷೆ ಒಂದನ್ನೇ ಹಿಡ್ಕೊಂಡು ಕೂತ್ರೆ ಯಾವ ಕಾಯಿಲೆ ಅಂತ ಟೀಚರಿಗೂ ಗೊತ್ತಾಗೂದಿಲ್ಲ, ನಮಗೂ ಗೊತ್ತಾಗೂದಿಲ್ಲ. ಅಕ್ಕಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆಯಕ್ಕೆ ಆಗ್ತದಾ?

ಈಗ ಇದನ್ನು ಹೇಳ್ಲಿಕ್ಕೆ ಇನ್ನೊಂದು ಕಾರಣವೂ ಉಂಟು. ಮೊದಲೆಲ್ಲ ಸಿಇ ಮಾರ್ಕ್ (ನಿರಂತರ ಮೌಲ್ಯಮಾಪನಕ್ಕೆ ಶಾಲೆಯಲ್ಲೇ ಕೊಡುವ ಮಾರ್ಕ್) ಸೇರಿಸಿ ಮಕ್ಕಳು ಹೇಗೋ ದಾಟ್ತಿದ್ರು. ಈಗ ಪ್ರತಿ ಸಬ್ಜೆಕ್ಟಿಗೂ ಬರವಣಿಗೆ ಪರೀಕ್ಷೆಯಲ್ಲೇ ಕಡಿಮೆ ಅಂದ್ರೆ 30 ಪರ್ಸೆಂಟ್ ಬೇಕು ಅಂತ ಸರಕಾರ ನಿಯಮ ತಂದಿದೆ, ಎಂಟನೇ ಕ್ಲಾಸಿಗೆ 2024-25ರಿಂದ, ಒಂಬತ್ತಕ್ಕೆ 2025-26ರಿಂದ, ಎಸ್‌ಎಸ್‌ಎಲ್‌ಸಿಗೆ 2026-27ರಿಂದ. ಅಂದ್ರೆ 40ರ ಪೇಪರಿಗೆ 12, 80ರ ಪೇಪರಿಗೆ 24. ನಿಯಮ ತಪ್ಪು ಅಂತ ನಾನು ಹೇಳೂದಿಲ್ಲ, ಓದ್ಲಿಕ್ಕೆ ಬರೀಲಿಕ್ಕೆ ಬಾರದ ಮಗುವನ್ನು ಮೇಲೆ ಮೇಲೆ ದೂಡಿ ಕಳಿಸಿದ್ರೆ ಅದು ಆ ಮಗುವಿಗೇ ಮಾಡುವ ಅನ್ಯಾಯ. ಮಾರ್ಕ್ ಬಾರದವರಿಗೆ ಸಪೋರ್ಟ್ ಕ್ಲಾಸ್ ಮಾಡಿ ಪುನಃ ಪರೀಕ್ಷೆ ಬರೆಸ್ತಾರೆ, ಅದೂ ಒಳ್ಳೆಯದೇ. ಆದ್ರೆ ಆ ಸಪೋರ್ಟ್ ಕ್ಲಾಸಲ್ಲಿ ನನ್ನ ಮಗನಿಗೆ ಎಂತ ಕಲಿಸ್ತಾರೆ? ಗೊತ್ತಿರುವ ಪಾಠವನ್ನೇ ಇನ್ನೊಂದು ಸಲ ಹೇಳ್ತಾರೆ. ಅವನಿಗೆ ಬೇಕಾದ್ದು ಪ್ರಶ್ನೆ ಓದಿ ಅರ್ಥ ಮಾಡೋದು, ನಾಲ್ಕು ವಾಕ್ಯ ನೆಟ್ಟಗೆ ಬರೆಯೋದು. ಪಕ್ಕದಲ್ಲಿ ಕೂರುವ ಇನ್ನೊಬ್ಬನಿಗೆ ಅಕ್ಷರ ಮುತ್ತಿನ ಹಾಗೆ, ಉತ್ತರವೆಲ್ಲ ಬಾಯಿಪಾಠ, ತುತ್ತ ಹೇಗಿರ್ತದೆ ಅಂತ ಕಂಡೇ ಇಲ್ಲ. ಅವನಿಗೆ 36 ಬಂದಿದೆ, ಒಳ್ಳೆ ಹುಡುಗ, ಮಾರ್ಕ್ ಬಂದದ್ದಕ್ಕೆ ನಂಗೆ ಖುಷಿಯೇ, ಆದ್ರೆ ಅವನಲ್ಲಿ ಎಂತ ಕೊರತೆ ಉಂಟು ಅಂತಲೂ ಆ ಪೇಪರ್ ಹೇಳೂದಿಲ್ಲ.

ಬೇರೆ ದಾರಿ ಇಲ್ಲ ಅಂತಲ್ಲ, ದಾರಿ ನಮ್ಮಲ್ಲೇ ಉಂಟು, ಕಾಗದದಲ್ಲಿ ಉಂಟು. ಕೇರಳದಲ್ಲಿ ಎಸ್‌ಎಸ್‌ಎಲ್‌ಸಿಗೆ ಗ್ರೇಡ್ ಬಂದದ್ದೇ 2005ರಲ್ಲಿ. 100ರಲ್ಲಿ 80 ಪರೀಕ್ಷೆಗೆ, 20 ನಿರಂತರ ಮೌಲ್ಯಮಾಪನಕ್ಕೆ ಅಂತ ಇಟ್ಟದ್ದು ಮಗು ವರ್ಷ ಇಡೀ ಮಾಡಿದ ಪ್ರೊಜೆಕ್ಟ್, ಸೆಮಿನಾರ್, ಪ್ರಯೋಗ, ಕ್ಲಾಸಲ್ಲಿ ಕೇಳಿದ ಪ್ರಶ್ನೆ ಇದೆಲ್ಲ ಲೆಕ್ಕಕ್ಕೆ ಬರಲಿ ಅಂತಲೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಓದಿದ್ರೆ ಅದರಲ್ಲಿ ಎರಡು ಮಾತು ಹತ್ತಿರ ಹತ್ತಿರ ಉಂಟು, ಸಾಧ್ಯ ಆದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕು ಅಂತ ಒಂದು, ಮಗುವಿಗೆ ಎಷ್ಟು ಅರ್ಥ ಆಗಿದೆ ಮತ್ತು ಅದನ್ನು ಬಳಸ್ಲಿಕ್ಕೆ ಬರ್ತದಾ ಅಂತ ನಿರಂತರವಾಗಿ ನೋಡ್ತಾ ಇರಬೇಕು ಅಂತ ಇನ್ನೊಂದು. ನಮ್ಮಂಥ ಗಡಿಯ ಮಕ್ಕಳಿಗೆ ಎರಡೂ ಒಟ್ಟಿಗೇ ಬೇಕು, ಒಂದು ತಪ್ಪಿದ್ರೆ ಇನ್ನೊಂದೂ ಹೋಯ್ತು.

ಆದ್ರೆ ಆ 20 ಮಾರ್ಕ್ ನಿಜವಾಗಿ ಹೇಗೆ ಬೀಳ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮಗಳು ಹತ್ತನೇಲಿದ್ದಾಗ ಒಂದು ಸಂಜೆ ಬಂದು "ನಾಳೆಯೇ ಪ್ರೊಜೆಕ್ಟ್ ಕೊಡ್ಬೇಕಂತೆ, ಲಿಸ್ಟ್ ಹೋಗ್ಲಿಕ್ಕುಂಟಂತೆ" ಅಂದ್ಳು. ಗೈಡ್ ನೋಡಿ ಅವಳು ಒಂದು ಬರೆದ್ಳು, ಇನ್ನೊಂದನ್ನು ರಾತ್ರಿ ಹನ್ನೊಂದು ಗಂಟೆ ತನಕ ಕೂತು ನಾನು ಬರೆದೆ, ಚಾರ್ಟಿಗೆ ಬಣ್ಣ ಹಾಕಿದ್ದು ಮಗ. ಅದನ್ನು ಯಾರೂ ಬಿಡಿಸಿ ನೋಡ್ಲಿಲ್ಲ, ಒಂದು ಪ್ರಶ್ನೆ ಕೇಳ್ಲಿಲ್ಲ, ಕ್ಲಾಸಿನ ಎಲ್ಲರಿಗೂ 19, 20. ನನ್ನ ಮಗಳಿಗೆ 20 ಬಂತು ಅಂತ ನಂಗೆ ಸಂತೋಷ ಆಗ್ಲಿಲ್ಲ, ಅದರಲ್ಲಿ ಅರ್ಧ ನನ್ನ ಮಾರ್ಕು. ಶಾಲೆಯ ಹೆಸರು ಬರೀಲಿಕ್ಕೆ ನಂಗೆ ಮನಸ್ಸಿಲ್ಲ, ಆ ಟೀಚರ್‌ಗಳು ಕೆಟ್ಟವರಲ್ಲ, ಅವರ ಮೇಲೆ ಎಷ್ಟು ಕೆಲಸ ಹೇರಿದ್ದಾರೆ ಅಂತ ಪಿಟಿಎಯಲ್ಲಿದ್ದು ನೋಡ್ತೇನಲ್ಲ, ಕನ್ನಡ ಪೋಸ್ಟಿಗೆ ಜನ ಇಲ್ಲದೆ ದಿನಗೂಲಿಯಲ್ಲಿ ಬಂದವರು ವರ್ಷದ ನಡುವೆ ಹೋಗ್ತಾರೆ, ಇನ್ನೊಬ್ಬರು ಬರ್ತಾರೆ, ಮಗು ಜೂನ್‌ನಲ್ಲಿ ಹೇಗಿತ್ತು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?

ಸರಿಯಾಗಿ ಮಾಡಿದ್ರೆ ಹೇಗಿರ್ತದೆ ಅಂತಲೂ ಕಂಡಿದ್ದೇನೆ, ಅದನ್ನೂ ಹೇಳ್ಬೇಕು. ಮಗ ಏಳನೇಲಿದ್ದಾಗ ಒಬ್ಬರು ಟೀಚರ್ ಮಕ್ಕಳನ್ನು ಐದೈದು ಜನ ಮಾಡಿ ಸುರಂಗದ ಬಗ್ಗೆ ಪ್ರೊಜೆಕ್ಟ್ ಕೊಟ್ರು. ನಮ್ಮ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಸುರಂಗ ಉಂಟಲ್ಲ, ಅದೇ. ಮಕ್ಕಳು ಸುರಂಗ ತೋಡಿದ ಒಬ್ಬರು ಅಜ್ಜನ ಹತ್ತಿರ ಹೋಗಿ ಕೂತು, ಒಳಗೆ ಗಾಳಿ ಉಂಟಾ ಅಂತ ದೀಪ ಹಿಡಿದು ನೋಡೋದು, ಮುರಕಲ್ಲಲ್ಲಿ ನೀರಿನ ಪಸೆ ಗುರುತಿಸೋದು, ಎಲ್ಲ ಕೇಳಿ ಬರ್ಕೊಂಡು ಬಂದ್ರು. ಆಮೇಲೆ ಸುರಂಗದ ಬಾಯಲ್ಲಿ 15 ಲೀಟರಿನ ಬಕೆಟ್ ಇಟ್ಟು ತುಂಬ್ಲಿಕ್ಕೆ ಎಷ್ಟು ಹೊತ್ತು ಅಂತ ನೋಡಿದ್ರು, 50 ಸೆಕೆಂಡ್. ನಿಮಿಷಕ್ಕೆ 18 ಲೀಟರ್, ಗಂಟೆಗೆ 1080. ಬೇಸಗೆಯಲ್ಲಿ ಪುನಃ ಹೋಗಿ ಅಳೆದ್ರು, ಎಷ್ಟೋ ಕಡಿಮೆ ಆಗಿತ್ತು, ಎರಡನ್ನೂ ಗ್ರಾಫ್ ಮಾಡಿದ್ರು. ಸೋಶಿಯಲ್, ಸೈನ್ಸ್, ಲೆಕ್ಕ, ಕನ್ನಡ, ನಾಲ್ಕೂ ಅದರಲ್ಲೇ ಬಂತು.

ಆ ಗುಂಪಲ್ಲಿ ಮನೆಯಲ್ಲಿ ಮರಾಟಿ ಮಾತಾಡುವ ಒಂದು ಹುಡುಗಿ ಇದ್ಳು, ಕ್ಲಾಸಲ್ಲಿ ಬಾಯಿ ಬಿಟ್ಟದ್ದೇ ಇಲ್ಲವಂತೆ, ಪರೀಕ್ಷೆಯಲ್ಲಿ ಯಾವಾಗಲೂ ಕೊನೆಯ ನಾಲ್ಕರಲ್ಲಿ. ಕ್ಲಾಸ್ ಪಿಟಿಎ ದಿನ ನಮ್ಮೆಲ್ಲರ ಎದುರು ಆ ಸುರಂಗದ ಚಿತ್ರ ಹಿಡಿದು ನಿಂತು ಎಲ್ಲಿಂದ ನೀರು ಬರ್ತದೆ, ಯಾಕೆ ಬೇಸಗೆಯಲ್ಲಿ ಕಡಿಮೆ ಆಗ್ತದೆ, ಕಾಡು ಕಡಿದ್ರೆ ಏನಾಗ್ತದೆ ಅಂತ ನಡುನಡುವೆ ತುಳು ಸೇರಿಸ್ಕೊಂಡು ಹತ್ತು ನಿಮಿಷ ಹೇಳಿದ್ಳು, ನಾವು ಕೇಳಿದ್ದಕ್ಕೆಲ್ಲ ಉತ್ತರವೂ ಕೊಟ್ಳು, ಅವಳ ಅಮ್ಮ ಹಿಂದಿನ ಬೆಂಚಲ್ಲಿ ಸೆರಗಲ್ಲಿ ಕಣ್ಣು ಒರೆಸ್ತಾ ಇದ್ರು. ಟೀಚರ್ ಹತ್ತಿರ ಒಂದು ಪುಸ್ತಕ ಇತ್ತು, ಯಾರು ಅಳೆದದ್ದು, ಯಾರು ಲೆಕ್ಕ ಮಾಡಿದ್ದು, ಯಾರಿಗೆ ಎಲ್ಲಿ ತಪ್ಪಿತು, ತಪ್ಪನ್ನು ತಾವೇ ಹಿಡಿದ್ರಾ ಅಂತ ದಿನಾಂಕ ಹಾಕಿ ಬರೆದಿದ್ರು. ಆ ಹುಡುಗಿಯ ಹೆಸರಿನ ಎದುರು "ವಿಷಯ ಚೆನ್ನಾಗಿ ಗೊತ್ತು, ಬರವಣಿಗೆಗೆ ಸಹಾಯ ಬೇಕು" ಅಂತ ಇತ್ತು. ಆ ಒಂದು ಸಾಲು ಹಿಡ್ಕೊಂಡು ಮುಂದಿನ ವರ್ಷದ ಟೀಚರ್ ಕೆಲಸ ಶುರು ಮಾಡ್ಬಹುದಲ್ಲ. 9 ಅಂತ ಒಂದು ನಂಬರ್ ಹಿಡ್ಕೊಂಡು ಎಂತ ಮಾಡುದು?

ಇಂಥದ್ದೆಲ್ಲ ಆಟ, ಇದರಿಂದ ಮಕ್ಕಳು ಹಾಳಾಗ್ತಾರೆ ಅಂತ ಹೇಳುವ ಹಿರಿಯರು ಈಗಲೂ ಇದ್ದಾರೆ. ನಾನು ಎಲ್‌ಪಿಯಲ್ಲಿದ್ದಾಗ (ಕಿರಿಯ ಪ್ರಾಥಮಿಕ) ಡಿಪಿಇಪಿ, ಅಂದ್ರೆ ಮಕ್ಕಳು ಮಾಡಿ ಕಲಿಯುವ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಬಂದದ್ದು, ಕೇರಳದಲ್ಲಿ ಅದು 1994ರಲ್ಲಿ ಮೊದಲು ಶುರುವಾದ ಮೂರು ಜಿಲ್ಲೆಯಲ್ಲಿ ಕಾಸರಗೋಡೂ ಒಂದು, ವಯನಾಡು ಮತ್ತು ಮಲಪ್ಪುರಂ ಜೊತೆಗೆ. ಮಂಜೊಟ್ಟಿ ಕಾಳು, ಕಡ್ಡಿ ಹಿಡ್ಕೊಂಡು ಲೆಕ್ಕ ಮಾಡಿದ್ದು ನಂಗೆ ಈಗಲೂ ನೆನಪುಂಟು, ನನ್ನ ಅಜ್ಜ ಇದೆಂತ ಶಾಲೆ ಅಂತ ದಿನಾ ಬೈತಿದ್ರು. ಅಜ್ಜನ ಮಾತಲ್ಲೂ ಸತ್ಯ ಇತ್ತು, ಬರವಣಿಗೆ ಅಭ್ಯಾಸ ನಮ್ಮ ಬ್ಯಾಚಿಗೆ ಕಡಿಮೆಯೇ ಆಯ್ತು. ಅದಕ್ಕೇ ನಾನು ಪರೀಕ್ಷೆ ತೆಗೀರಿ ಅಂತ ಹೇಳೂದಿಲ್ಲ. ಬರೆಯುವ ಪರೀಕ್ಷೆ ಇರ್ಲಿ, ಅದರ ಜೊತೆ ಬಾಯಲ್ಲಿ ಹೇಳೋದು, ಕೈಯಲ್ಲಿ ಮಾಡಿ ತೋರಿಸೋದು, ಅಳೆದು ತರೋದು ಎಲ್ಲ ಇರ್ಲಿ, ಮತ್ತು ಅದು ನಿಜವಾಗಿ ನಡೀಲಿ. ಐಟಿ ಪರೀಕ್ಷೆಯಲ್ಲಿ ಕಂಪ್ಯೂಟರ್ ಎದುರು ಕೂರಿಸಿ ಮಾಡಿ ತೋರಿಸು ಅಂತಾರಲ್ಲ, ಎಂಟನೇ ಕ್ಲಾಸಿನ ಸೈನ್ಸಿಗೂ ಹಾಗೆ ಹತ್ತು ನಿಮಿಷ ಕೊಟ್ರೆ ಯಾರಿಗೆ ಎಂತ ನಷ್ಟ?

ಸಂಬಂಧಪಟ್ಟವರು ಇದನ್ನು ಓದಿದ್ರೆ ಅವರಲ್ಲಿ ಕೇಳ್ಕೊಳ್ಳೋದು ದೊಡ್ಡದೇನೂ ಅಲ್ಲ. ಕನ್ನಡ ಪ್ರಶ್ನೆಪತ್ರಿಕೆ ಪ್ರೆಸ್ಸಿಗೆ ಹೋಗುವ ಮೊದಲು ಕಾಸರಗೋಡಿನಲ್ಲೇ ಕನ್ನಡದಲ್ಲಿ ಪಾಠ ಮಾಡುವ ಒಬ್ಬರು ಸೈನ್ಸ್ ಟೀಚರ್ ಅದನ್ನೊಮ್ಮೆ ಓದಲಿ. 30 ಪರ್ಸೆಂಟ್ ಬಾರದ ಮಗುವನ್ನು ಸಪೋರ್ಟ್ ಕ್ಲಾಸಿಗೆ ಕೂರಿಸುವ ಮೊದಲು ಅದೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಲಿ, ತುಳುವಲ್ಲಿ ಹೇಳಿದ್ರೂ ಮಲಯಾಳದಲ್ಲಿ ಹೇಳಿದ್ರೂ ಸರಿ, ಕೊರತೆ ಎಲ್ಲಿ ಅಂತ ಆಗ ಗೊತ್ತಾಗ್ತದೆ. ಸಿಇ ಯಾವುದಕ್ಕೆ ಎಷ್ಟು ಕೊಟ್ಟದ್ದು ಅಂತ ಮಗು ಮಾಡಿದ ಕೆಲಸದ ಜೊತೆಗೆ ಕ್ಲಾಸ್ ಪಿಟಿಎಯಲ್ಲಿ ನಮಗೆ ತೋರಿಸಲಿ, ನಮ್ಮ ಮಗುವಿಗೆ 12 ಬಂದ್ರೆ 12 ಅಂತ ಒಪ್ಪುವ ಧೈರ್ಯ ನಮಗೂ ಬೇಕು, 20 ಕೊಡಿ ಅಂತ ಹೋಗಿ ಟೀಚರಿಗೆ ಒತ್ತಡ ಹಾಕೋದನ್ನು ನಾವು ಅಮ್ಮಂದಿರು ಬಿಡ್ಬೇಕು.

ಮಗನ ಸೈನ್ಸ್ ಮಾಷ್ಟ್ರ ಹತ್ತಿರ ನಾನು ಹೋಗಿ ಮಾತಾಡಿದೆ. ಅವರಿಗೆ ಬೋರ್ಡೋ ವಿಷಯ ಗೊತ್ತಿರ್ಲಿಲ್ಲ, ಅವರು ಕೇರಳದ ತೆಂಕು ಕಡೆಯ ಜಿಲ್ಲೆಯವರು, ಪೂರ್ತಿ ಕೇಳಿ "ಹಾಗಾದ್ರೆ ಕ್ಲಾಸಿಗೇ ತರ್ಲಿ" ಅಂದ್ರು. ಬರುವ ಶುಕ್ರವಾರ ಇವ ಮತ್ತು ಇವನ ಇಬ್ಬರು ಫ್ರೆಂಡ್ಸ್ ಸ್ವಲ್ಪ ತುತ್ತ, ಸುಣ್ಣ, ಎರಡು ಪ್ಲಾಸ್ಟಿಕ್ ಬಕೆಟ್, ತಿಕ್ಕಿ ತೊಳೆದ ಒಂದು ಹಳೇ ಕತ್ತಿ ತಗೊಂಡು ಹೋಗ್ತಾರೆ. ಮಾಡಿ ತೋರಿಸಿ ಆದ ಮೇಲೆ ಅದನ್ನೇ ಒಂದು ಪುಟ ಬರೀಬೇಕು ಅಂತ ಮಾಷ್ಟ್ರು ಹೇಳಿದ್ದಾರೆ, ದ್ರಾವಣ ಅನ್ನೋ ಶಬ್ದ ಹಾಕಿಯೇ. ಇವ ಈಗಲೇ ಬರೀಲಿಕ್ಕೆ ಕೂತಿದ್ದಾನೆ.

ಇಂತಿ,
ಒಬ್ಬ ತಾಯಿ, ಬದಿಯಡ್ಕ