ಮಾದರಿ ರಾಕೆಟ್ಟಿನ ಮೋಟಾರಿಗೆ ಕಾನೂನಿನ ದಾರಿ ತೆರೆಯಿರಿ: ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೆ,

ರಟ್ಟಿನ ಕೊಳವೆ, ಬಾಲ್ಸಾ ಮರದ ರೆಕ್ಕೆಗಳು, ಪ್ಲಾಸ್ಟಿಕ್ ಮೂತಿ ಮತ್ತು ಪುಟ್ಟ ಪ್ಯಾರಾಚೂಟ್ ಇರುವ ಮಾದರಿ ರಾಕೆಟ್ ಕಿಟ್ಟನ್ನು ಕರ್ನಾಟಕದ ವಿದ್ಯಾರ್ಥಿಯೊಬ್ಬ ಇಂದು ಮನೆಗೇ ತರಿಸಿಕೊಳ್ಳಬಹುದು. ಅದನ್ನು ಮೇಲಕ್ಕೆ ಒಯ್ಯುವ ಮೋಟಾರನ್ನು ಮಾತ್ರ ತರಿಸಿಕೊಳ್ಳಲಾರ. ಮೋಟಾರಿನೊಳಗೆ ಕರಿಮದ್ದು ಇರುವುದರಿಂದ ಅದು 1884ರ ಸ್ಫೋಟಕ ಕಾಯ್ದೆಯ ಮತ್ತು 2008ರ ಸ್ಫೋಟಕ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದರ ತಯಾರಿಕೆಗೂ ಆಮದಿಗೂ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ (ಪೆಸೊ) ಅನುಮತಿ ಬೇಕು, ಅಂಚೆಯಲ್ಲಿ ಕಳಿಸುವಂತಿಲ್ಲ. ಕಾರ್ಖಾನೆಗಳನ್ನೂ ಗಣಿಗಳನ್ನೂ ಗಮನದಲ್ಲಿಟ್ಟು ರೂಪಿಸಿದ ಈ ವ್ಯವಸ್ಥೆಯನ್ನು ಒಂದು ಪಿಯು ಕಾಲೇಜಿನ ವಿಜ್ಞಾನ ಸಂಘ ದಾಟಿ ಬರುವುದು ಆಗುಹೋಗುವ ಮಾತಲ್ಲ. ಭೌತಶಾಸ್ತ್ರ ಕಲಿಸುವ ಒಬ್ಬನಾಗಿ, ಈ ವಿಷಯದಲ್ಲಿ ತಾವು ಮುಂದಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮೋಟಾರು ಎಂದಾಗ ಅಧಿಕಾರಿಗಳ ಕಣ್ಣೆದುರು ಏನು ಬರುತ್ತದೋ ತಿಳಿಯದು. ವಸ್ತು ಮಾತ್ರ ಬೆರಳುದ್ದದ್ದು. ಹವ್ಯಾಸಿಗಳು ಜಗತ್ತಿನಾದ್ಯಂತ ಬಳಸುವ ಸಿ6-5 ಮೋಟಾರನ್ನೇ ನೋಡೋಣ. ಗಟ್ಟಿ ಕಾಗದದ ಕೊಳವೆ, ಉರಿದ ಅನಿಲ ಹೊರನುಗ್ಗುವ ಜೇಡಿಮಣ್ಣಿನ ನಳಿಕೆ, ಒಳಗೆ ಒತ್ತಿ ತುಂಬಿದ ಹನ್ನೆರಡು ಗ್ರಾಂ ಆಸುಪಾಸಿನ ಇಂಧನ. 'ಸಿ' ಎಂಬುದು ಒಟ್ಟು ಆವೇಗದ (ಸರಾಸರಿ ನೂಕುಬಲವನ್ನು ಉರಿಯುವ ಸೆಕೆಂಡುಗಳಿಂದ ಗುಣಿಸಿದಾಗ ಬರುವ ಮೊತ್ತದ) ವರ್ಗ, ಅಂದರೆ 5ರಿಂದ 10 ನ್ಯೂಟನ್-ಸೆಕೆಂಡ್. ಅಕ್ಷರ ಒಂದು ಹೆಜ್ಜೆ ಮುಂದೆ ಹೋದಂತೆ ಈ ಮಿತಿ ಇಮ್ಮಡಿಯಾಗುತ್ತದೆ. 6 ಎಂಬುದು ನ್ಯೂಟನ್ನುಗಳಲ್ಲಿ ಸರಾಸರಿ ನೂಕುಬಲ. 5 ಎಂಬುದು ಇಂಧನ ಮುಗಿದ ಮೇಲೆ ಪ್ಯಾರಾಚೂಟನ್ನು ಹೊರದಬ್ಬುವ ಪುಟ್ಟ ಸಿಡಿತಕ್ಕೆ ಮುನ್ನ ಕಾಯುವ ಸೆಕೆಂಡುಗಳು. ಇಂಧನ ಉರಿಯುವುದು ಎರಡು ಸೆಕೆಂಡಿಗೂ ಕಡಿಮೆ. ಹೊತ್ತಿಸುವುದು ಬೆಂಕಿಕಡ್ಡಿಯಿಂದಲ್ಲ, ಬೀಗದಕೈ ತಿರುಗಿಸದೆ ವಿದ್ಯುತ್ ಹರಿಯದ ನಿಯಂತ್ರಕದಿಂದ, ಕನಿಷ್ಠ ನಾಲ್ಕೂವರೆ ಮೀಟರ್ ದೂರದಲ್ಲಿ ನಿಂತು. ಇದರ ಪಕ್ಕದಲ್ಲಿ ದೀಪಾವಳಿಯ ಕೋಲುರಾಕೆಟ್ಟನ್ನು ಇಟ್ಟು ನೋಡಿ. ಬಾಟಲಿಯಲ್ಲಿ ನಿಲ್ಲಿಸಿ ಕೈಯಿಂದಲೇ ಬತ್ತಿ ಹಚ್ಚುವ, ಎತ್ತ ಹೋದೀತೆಂದು ಹೇಳಲಾಗದ ಅದನ್ನು ನಮ್ಮ ಪ್ರತಿ ಊರಿನ ತಾತ್ಕಾಲಿಕ ಮಳಿಗೆಗಳಲ್ಲಿ ಕೊಳ್ಳುವವನು ಯಾವ ಪರವಾನಗಿಯನ್ನೂ ತೋರಿಸಬೇಕಿಲ್ಲ. ಹಬ್ಬದ ಮರುದಿನ ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಕಣ್ಣಿಗೆ ಗಾಯವಾದ ಮಕ್ಕಳು ಸಾಲುಗಟ್ಟುವುದು ತಮಗೆ ತಿಳಿಯದ ಸಂಗತಿಯೇನಲ್ಲ.

ಈ ಹವ್ಯಾಸ ಹುಟ್ಟಿದ್ದೇ ಸುರಕ್ಷತೆಯ ಚಿಂತೆಯಿಂದ ಎಂಬುದನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ. 1957ರಲ್ಲಿ ಸ್ಪುಟ್ನಿಕ್ ಹಾರಿದ ಹೊತ್ತಿಗೆ ಅಮೆರಿಕದ ಹುಡುಗರು ಮನೆಯಲ್ಲೇ ಮದ್ದು ಬೆರೆಸಿ ಕಬ್ಬಿಣದ ಕೊಳವೆಗೆ ತುಂಬುತ್ತಿದ್ದರು, ಬೆರಳು ಕಣ್ಣುಗಳನ್ನು ಕಳೆದುಕೊಳ್ಳುತ್ತಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ದುಡಿದಿದ್ದ ಹ್ಯಾರಿ ಸ್ಟೈನ್ ಆ ಅಪಾಯದ ಬಗ್ಗೆ ಬರೆದರು. ಅದನ್ನು ಓದಿದ ನೆಬ್ರಾಸ್ಕದ ಪಾದರಕ್ಷೆ ವ್ಯಾಪಾರಿ, ಪಟಾಕಿ ವಿದ್ಯೆ ಬಲ್ಲ ಆರ್ವಿಲ್ ಕಾರ್ಲೈಲ್, ತಾವು ಮಾಡಿದ್ದ ಕಾಗದದ ರಾಕೆಟ್ಟುಗಳನ್ನು ಅವರಿಗೆ ಕಳಿಸಿಕೊಟ್ಟರು. ಮರುವರ್ಷ, ಪಟಾಕಿ ಉದ್ಯಮದ ಕುಟುಂಬದಲ್ಲಿ ಬೆಳೆದ ವರ್ನನ್ ಎಸ್ಟಿಸ್ ಇಂಥ ಮೋಟಾರುಗಳನ್ನು ಒಂದೇ ಸಮನೆ ಒತ್ತಿ ತೆಗೆಯುವ ಯಂತ್ರವನ್ನೇ ಕಟ್ಟಿದರು. ಮದ್ದಿನ ಕೆಲಸ ಕಾರ್ಖಾನೆಗೆ, ರಾಕೆಟ್ಟಿನ ಕೆಲಸ ಹುಡುಗರಿಗೆ ಎಂಬ ಈ ವಿಂಗಡಣೆಯೇ ಮಾದರಿ ರಾಕೆಟ್ಟಿನ ತಿರುಳು. ಇಂದು ಆ ದೇಶದಲ್ಲಿ 125 ಗ್ರಾಮಿಗಿಂತ ಹೆಚ್ಚು ಇಂಧನವಿಲ್ಲದ, ಒಂದೂವರೆ ಕಿಲೊ ತೂಕ ಮೀರದ, ಲೋಹದ ದೊಡ್ಡ ಭಾಗಗಳಿಲ್ಲದ ರಾಕೆಟ್ಟಿಗೆ ವಿಮಾನಯಾನ ಇಲಾಖೆಯ ಪೂರ್ವಾನುಮತಿ ಬೇಕಿಲ್ಲ.

ನಮ್ಮಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಸಿದ್ಧ ಮೋಟಾರು ಸಿಗದಿರುವಾಗ, ಸಕ್ಕರೆಯನ್ನೂ ಪೆಟ್ಲುಪ್ಪನ್ನೂ ಒಲೆಯ ಮೇಲೆ ಕರಗಿಸಿ ರಾಕೆಟ್ ಇಂಧನ ಮಾಡುವ ವಿಡಿಯೊಗಳು ಸಿಗುತ್ತವೆ. ಕುತೂಹಲವಿರುವ ಹದಿನೈದರ ಹುಡುಗ ಅಥವಾ ಹುಡುಗಿ ಅತ್ತ ಹೊರಳುವುದನ್ನು ಕಾಯ್ದೆ ತಡೆದಿಲ್ಲ. ಅತ್ಯಂತ ಅಪಾಯಕಾರಿ ಹಂತವನ್ನು ಕಾರ್ಖಾನೆಯಿಂದ ತೆಗೆದು ಅಡುಗೆಮನೆಗೆ ತಂದಿಟ್ಟಿದೆ, ಅಷ್ಟೆ. ನೀರಿನ ರಾಕೆಟ್ಟು ಸಾಕಲ್ಲವೇ ಎನ್ನುವವರಿದ್ದಾರೆ. ಆರಂಭಕ್ಕೆ ಅದು ಒಳ್ಳೆಯದೇ, ನಾವೂ ಹಾರಿಸುತ್ತೇವೆ. ಆದರೆ ಬಲವನ್ನು ಅಳೆಯುವ ಲೋಡ್ ಸೆಲ್ ಮೇಲೆ ಮೋಟಾರು ನಿಲ್ಲಿಸಿ ನೂಕುಬಲದ ವಕ್ರರೇಖೆ ಬರೆದು, ಉಚಿತವಾಗಿ ದೊರೆಯುವ ಓಪನ್‌ರಾಕೆಟ್ ತಂತ್ರಾಂಶದಲ್ಲಿ ಎತ್ತರವನ್ನು ಅಂದಾಜಿಸಿ, ಹಾರಿದ ಮೇಲೆ ವಾಯುಭಾರ ಮಾಪಕದ ದಾಖಲೆಯೊಡನೆ ಅದನ್ನು ಹೋಲಿಸಿ ನೋಡುವ ಪಾಠ ಅದರಿಂದ ದಕ್ಕುವುದಿಲ್ಲ.

ಸರ್ಕಾರದ ಎಚ್ಚರಿಕೆಗೆ ಕಾರಣವಿದೆ ಎಂಬುದನ್ನು ಅಲ್ಲಗಳೆಯಲಾರೆ. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಬೆಂದುಹೋದುದನ್ನು ಯಾರೂ ಮರೆತಿಲ್ಲ. ಆ ದುರಂತ ಹೇಳುವುದು ದಾಸ್ತಾನಿನ ಬಗ್ಗೆ. ಆದ್ದರಿಂದ ನಮ್ಮ ಬೇಡಿಕೆಯೂ ಅಂಗಡಿ ಅಂಗಡಿಯಲ್ಲಿ ಮಾರಾಟವಾಗಲಿ ಎಂಬುದಲ್ಲ. ಎ, ಬಿ, ಸಿ ವರ್ಗದ ಕಾರ್ಖಾನೆ ಮೋಟಾರುಗಳನ್ನು ಸ್ಫೋಟಕ ನಿಯಮಗಳಲ್ಲಿ ಪ್ರತ್ಯೇಕವಾಗಿ ಗುರುತಿಸಿ, ನೋಂದಾಯಿತ ಶಿಕ್ಷಣ ಸಂಸ್ಥೆಗಳಿಗೆ ಸಣ್ಣ ಪ್ರಮಾಣದಲ್ಲಿ ಕೊಡುವಂತೆ ರಾಜ್ಯವು ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯಕ್ಕೆ ಬರೆಯಲಿ, ಪೆಸೊ ಇರುವುದು ಆ ಸಚಿವಾಲಯದ ಅಡಿಯಲ್ಲೇ. 2021ರ ಡ್ರೋನ್ ನಿಯಮಗಳು 250 ಗ್ರಾಂವರೆಗಿನ ನ್ಯಾನೊ ಡ್ರೋನುಗಳನ್ನು ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ. ಅಪಾಯದ ಪ್ರಮಾಣ ನೋಡಿ ನಿಯಮ ಮಾಡುವುದು ದೆಹಲಿಗೆ ಹೊಸತೇನಲ್ಲ. ಮೋಟಾರು ಒತ್ತುವ ಕೌಶಲ ಪಕ್ಕದ ಶಿವಕಾಶಿಯಲ್ಲೇ ಇದೆ, ಬೇಕಿರುವುದು ಗುಣಮಟ್ಟದ ಪರೀಕ್ಷೆ.

ಕೇಂದ್ರದ ಉತ್ತರಕ್ಕೆ ಕಾಯದೆ ತಾವೇ ಮಾಡಬಹುದಾದದ್ದು ಹಾರಿಸುವ ಬಯಲಿನ ವ್ಯವಸ್ಥೆ. ಬೆಂಗಳೂರಿನ ಸುತ್ತ ಎಚ್‌ಎಎಲ್, ಯಲಹಂಕ, ಜಕ್ಕೂರು, ಕೆಂಪೇಗೌಡ ನಿಲ್ದಾಣಗಳಿರುವಾಗ ಅಲ್ಲಿ ಆಸೆ ಇಟ್ಟುಕೊಳ್ಳುವಂತಿಲ್ಲ. ಚಿತ್ರದುರ್ಗದ ಕಡೆ ಬಯಲಿದೆ. ಆದರೆ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಿಂದ ದೂರವಿರಬೇಕು, ಮತ್ತು ದಯವಿಟ್ಟು ಅಮೃತಮಹಲ್ ಕಾವಲಿನ ಇನ್ನೊಂದು ತುಂಡಿಗೆ ಬೇಲಿ ಹಾಕುವುದು ಬೇಡ. ದನ ಮೇಯುವ ಹುಲ್ಲುಗಾವಲು ಈಗಾಗಲೇ ವಿಜ್ಞಾನಕ್ಕೆ ಸಾಕಷ್ಟು ತೆತ್ತಿದೆ. ಅಲ್ಲದೆ ಒಣಹುಲ್ಲಿನ ಮೇಲೆ ರಾಕೆಟ್ ಹಾರಿಸುವುದೇ ತಪ್ಪು. ಸುಗ್ಗಿ ಮುಗಿಸಿ ಉತ್ತ ಹೊಲವನ್ನು ರೈತರ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟು, ತಿಂಗಳಿಗೊಂದು ಬೆಳಗ್ಗೆ ಬಳಸಿದರೆ ಸಾಕು. ಜಿಲ್ಲಾಧಿಕಾರಿ, ಪೊಲೀಸ್, ಅಗ್ನಿಶಾಮಕ ದಳ ಮತ್ತು ವಾಯುಪ್ರದೇಶದ ಒಪ್ಪಿಗೆಗಳನ್ನು ಒಂದೇ ಅರ್ಜಿಯಲ್ಲಿ ಕೇಳುವಂತೆ ತಮ್ಮ ಇಲಾಖೆ ಕಾರ್ಯವಿಧಾನವೊಂದನ್ನು ಹೊರಡಿಸಬಹುದು. ಖಾಸಗಿ ಬಾಹ್ಯಾಕಾಶ ಚಟುವಟಿಕೆಗಳಿಗೆ ಅನುಮತಿ ಕೊಡುವ ಕೇಂದ್ರದ ಸಂಸ್ಥೆ ಇನ್‌ಸ್ಪೇಸ್ 2025ರಲ್ಲಿ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆಯನ್ನು ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ನಡೆಸಿತು. ಇಸ್ರೊ ಕೇಂದ್ರ ಕಚೇರಿ ಇರುವ ರಾಜ್ಯಕ್ಕೆ ಅಂಥದೊಂದು ಬಯಲು ಹೊಂದಿಸುವುದು ಕಷ್ಟವಾಗಬಾರದು.

ಮೈಸೂರು ರಾಕೆಟ್ಟುಗಳ ಪ್ರಸ್ತಾಪ ಬಾಹ್ಯಾಕಾಶ ಸಮಾರಂಭಗಳ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಬಿದನೂರು ನಗರದ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕ ಮೇಲಂತೂ ಇನ್ನಷ್ಟು. ಭಾಷಣದ ಜೊತೆಗೆ ಒಂದು ಸುತ್ತೋಲೆಯೂ ಬರಲಿ. ಇಲಾಖೆಯು ಪೆಸೊ ಅಧಿಕಾರಿಗಳನ್ನೂ, ಅಗ್ನಿಶಾಮಕ ದಳವನ್ನೂ, ಕಲಿಸುವವರನ್ನೂ ಒಂದೇ ಮೇಜಿಗೆ ಕರೆಯುವುದಾದರೆ, ಸುರಕ್ಷಾ ಸಂಹಿತೆಯ ಕನ್ನಡ ಕರಡನ್ನು ಸಿದ್ಧಪಡಿಸಿ ತರುವ ಹೊಣೆಯನ್ನು ನಾವು ಕೆಲವು ಉಪನ್ಯಾಸಕರು ಹೊರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಭೌತಶಾಸ್ತ್ರ ಉಪನ್ಯಾಸಕ