ವಿಷಯೆ ತಿದ್ದಿದ ಅಕ್ಷರ, ನಾನು ತಿದ್ದಿದ ಅಕ್ಷರ

ಚಿರಂಜೀವಿ ಕೂಸಿಗೆ,

ಅಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಚೌತಿ ಕಳೆದು ಇಪ್ಪತ್ತೆರಡು ದಿನಗಳಾದವು. ನೀನು ಫೋನು ಮಾಡಿದಾಗಲೆಲ್ಲ ಆಯಿ ನಿನ್ನನ್ನು 'ಅಪ್ಪನ ಹತ್ತಿರ ಕೊಡಲೇ' ಎಂದು ಕೇಳುವುದೂ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನು ಹಿಡಿದುಕೊಂಡೇ ಅಡುಗೆಮನೆಗೆ ನಡೆಯುವುದೂ ಜಗಲಿಯಲ್ಲಿ ಕುಳಿತ ನನಗೆ ಕಾಣಿಸುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಊರವರೆಲ್ಲ ಸೇರಿ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳದ ದಿನ ನಮ್ಮ ಮನೆಯಲ್ಲಿ ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ವಿವರಿಸುವುದಿಲ್ಲ. ಬಂದವರೆಲ್ಲ ನಕ್ಕರು, ನಗಿಸಿದವನು ನಾನು. ನೀನು ಬರೆದ ಕಥೆಯನ್ನು ನಿನ್ನ ಫೋನಿನಿಂದ ಓದಿದವನು ಬೇರೆಯವನೇ ಇರಬಹುದು, ಅವನಿಗೆ ಬುದ್ಧಿಯಿಲ್ಲ. ಬುದ್ಧಿಯಿದ್ದೂ ಅದಕ್ಕೆ ಹಾಸ್ಯಗಾರನ ಧಾಟಿಯಲ್ಲಿ ಅರ್ಥ ಹೇಳಿದವನು ನಿನ್ನ ಅಪ್ಪ.

ಮೊದಲು ಸುಲಭದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿನ್ನ ಕಥೆಯಲ್ಲಿ ಮುದುಕ ಪತ್ತೇದಾರ ಷರ್ಲಾಕ್ ಹೋಮ್ಸ್ ಜೇನುಪೆಟ್ಟಿಗೆಯ ಮುಚ್ಚಳ ತೆಗೆಯಲು ಹೆಣಗುತ್ತಾನೆ. ಹುಳುಗಳು ಮರದ ಅಂಟನ್ನು ತಂದು ಮುಚ್ಚಳದ ಸುತ್ತ ಮೆತ್ತಿಬಿಟ್ಟಿವೆ; ಕಬ್ಬಿಣದ ಪಟ್ಟಿಯಿಂದ ಮೀಟಿದರೆ ಮಾತ್ರ ಅದು ಬಿಡುತ್ತದೆ. ಇದನ್ನು ಕೇಳಿಯೇ ನಾನು 'ಜೇನುಹುಳು ಯಾವಾಗಿನಿಂದ ಬಡಗಿ ಕೆಲಸ ಕಲಿಯಿತು' ಎಂದದ್ದು. ಅದು ಮೂವತ್ತೈದು ವರ್ಷ ನಮ್ಮ ನಾಡಿನ ತುಡುವೆ ಜೇನು ಸಾಕಿದವನ ಅಹಂಕಾರ. ಹೋದ ವಾರ, ಯುರೋಪಿನ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಗಳನ್ನು ಇಟ್ಟುಕೊಂಡಿರುವ ಸ್ನೇಹಿತರೊಬ್ಬರನ್ನು ಕೇಳಿದೆ. ನಮ್ಮ ತುಡುವೆ ಅಂಟು ತರುವುದಿಲ್ಲ. ಯುರೋಪಿನ ಹುಳು ತರುತ್ತದೆ, ಅದರಿಂದ ಬಿರುಕು ಮುಚ್ಚುತ್ತದೆ, ಚೌಕಟ್ಟುಗಳನ್ನೇ ಒಂದಕ್ಕೊಂದು ಕಚ್ಚಿಸಿಬಿಡುತ್ತದೆ ಎಂದರು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ನಡೆಯುವ ಕಥೆಗೆ ಶಿರಸಿಯ ಅಡಿಕೆ ತೋಟದ ಹುಳುವನ್ನು ಸಾಕ್ಷಿಗೆ ಕರೆದವನು ನಾನು. ನೀನು ಸರಿಯಾಗಿಯೇ ಬರೆದಿದ್ದೆ. ಅಷ್ಟು ಜನರೆದುರು ನನಗೆ ತಿರುಗಿ ಹೇಳಬಹುದಿತ್ತು, ಹೇಳಲಿಲ್ಲ.

ಆ ಕಥೆಯನ್ನು ಶಿರಸಿಯ ಅಂಗಡಿಯೊಂದರಲ್ಲಿ ಕಾಗದದ ಮೇಲೆ ಮುದ್ರಿಸಿಕೊಂಡು ಬಂದೆ. ನಲವತ್ತೊಂದು ಪುಟ. ಇನ್ನೊಬ್ಬರು ಹುಟ್ಟಿಸಿದ ಪಾತ್ರಗಳನ್ನು ಹಿಡಿದು ಬರೆಯುವುದೆಂದರೆ ಪರರ ತೋಟದಲ್ಲಿ ಅಡಿಕೆ ಕೊನೆ ಕೊಯ್ದ ಹಾಗೆ ಎಂದು ನಾನು ಅಂದಿದ್ದೆನಲ್ಲ, ಆ ಮಾತಿನ ಜಾಡು ಹಿಡಿದು ಸ್ವಲ್ಪ ಓದಿದೆ. ಹೋಮ್ಸ್‌ನನ್ನು ಹುಟ್ಟಿಸಿದ ಕಾನನ್ ಡಾಯ್ಲ್ 1893ರಲ್ಲಿ ಅವನನ್ನು ಜಲಪಾತಕ್ಕೆ ನೂಕಿ ಕೊಂದದ್ದು, ಓದುಗರು ಸಿಟ್ಟಾದದ್ದು, ಹತ್ತು ವರ್ಷಗಳ ನಂತರ 1903ರಲ್ಲಿ ಅವನನ್ನು ಬದುಕಿಸಿ ಕರೆತಂದದ್ದು ನಿನಗೆ ಬಾಯಿಪಾಠವಿರಬಹುದು, ನನಗೆ ಹೊಸದು. ವಿಲಿಯಂ ಜಿಲೆಟ್ ಎಂಬ ನಟ ಈ ಕಥೆಗಳನ್ನು ನಾಟಕ ಮಾಡಲು ಹೊರಟು, ಹೋಮ್ಸ್‌ಗೆ ಮದುವೆ ಮಾಡಿಸಬಹುದೇ ಎಂದು ಕೇಳಿದಾಗ, ಮದುವೆಯನ್ನಾದರೂ ಮಾಡಿಸಿ, ಕೊಂದಾದರೂ ಹಾಕಿ, ನಿಮ್ಮಿಷ್ಟ ಎಂಬರ್ಥದ ಉತ್ತರವನ್ನು ಡಾಯ್ಲ್ ಕಳಿಸಿದನಂತೆ. ತೋಟದ ಯಜಮಾನನೇ ಬೇಲಿಯ ದಣಪೆ ಸರಿಸಿಟ್ಟು ಹೋಗಿದ್ದಾನೆ. ಕಾವಲಿಗೆ ಕುಳಿತವನು ನಾನು. ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೋಮ್ಸ್‌ನ ಅಭಿಮಾನಿಗಳು ನ್ಯೂಯಾರ್ಕಿನಲ್ಲಿ ತಮ್ಮ ಕೂಟ ಕಟ್ಟಿಕೊಂಡದ್ದು 1934ರಲ್ಲಿ. ಅದೇ 1934ರಲ್ಲಿ ಹೊನ್ನಾವರದ ಕಡೆ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನದ ಇಡಗುಂಜಿ ಮೇಳ ಕಟ್ಟಿದರು. ಇವೆರಡಕ್ಕೆ ಸಂಬಂಧವೇನೂ ಇಲ್ಲ, ನನಗೆ ಸುಮ್ಮನೆ ಖುಷಿಯಾಯಿತು, ಅದಕ್ಕೆ ಬರೆದೆ.

ಖುಷಿಯ ಹಿಂದೆಯೇ ನಾಚಿಕೆಯೂ ಬಂತು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಿ ಭಾಗವತರು ಎರಡು ಸಾಲಿನ ಪದ್ಯ ಹಾಡಿದರೆ ನಾನು ಇಪ್ಪತ್ತು ನಿಮಿಷ ಅರ್ಥ ಹೇಳುವವನು. ಭೀಷ್ಮನ ಬಾಯಲ್ಲಿ ಅಂಬೆಯ ಕುರಿತು ನಾನು ಆಡಿಸಿದ ಪಶ್ಚಾತ್ತಾಪದ ಮಾತುಗಳು ಯಾವ ಪದ್ಯದಲ್ಲಿಯೂ ಇಲ್ಲ. ಕರ್ಣ ಕುಂತಿಗೆ ಬೆನ್ನು ತಿರುಗಿಸಿ ಕುಳಿತು ಮಾತಾಡಿದ್ದು ನನ್ನ ಕರ್ಣ ಮಾತ್ರ. ಅದಕ್ಕೆ ಶಾಲು ಹೊದೆಸಿಕೊಂಡು ಬಂದಿದ್ದೇನೆ. ನಾನು ಮಾಡಿದರೆ ಅರ್ಥಗಾರಿಕೆ, ನೀನು ಮಾಡಿದರೆ ಕಳ್ಳಕೊಯ್ಲು ಎಂದು ಯಾವ ನ್ಯಾಯದಿಂದ ಹೇಳಿದೆನೋ ನನಗೆ ತಿಳಿಯದು.

ಡಾಯ್ಲ್‌ನ ಕಡೆಕಡೆಯ ಕಥೆಗಳಲ್ಲಿ ಹೋಮ್ಸ್ ಸಸೆಕ್ಸ್‌ನ ಕಡಲ ಕಡೆಯ ಗುಡ್ಡಗಾಡಿನಲ್ಲಿ ಜೇನು ಸಾಕಿಕೊಂಡು ಒಬ್ಬನೇ ಇರುತ್ತಾನೆ, ಅವನ ಗೆಳೆಯ ವಾಟ್ಸನ್ ಅಪರೂಪಕ್ಕೊಮ್ಮೆ ವಾರದ ಕೊನೆಗೆ ಬಂದು ಹೋಗುತ್ತಾನೆ. ನೀನು ಅದನ್ನು ಒಪ್ಪಲಿಲ್ಲ. ವಾಟ್ಸನ್‌ನನ್ನು ಪೆಟ್ಟಿಗೆ ಸಮೇತ ಕರೆತಂದು ಆ ಮನೆಯಲ್ಲಿಯೇ ಇರಿಸಿದೆ. ಅವರ ನಡುವೆ ಇರುವುದು ಸ್ನೇಹವೋ ಅದಕ್ಕಿಂತ ಮಿಗಿಲಾದದ್ದೋ ಎಂದು ಅವತ್ತು ಯಾರೋ ಕೇಳಿದಾಗ ನಾನು ಕಣ್ಣು ಮಿಟುಕಿಸಿದ್ದೆ. ಈಗ ಓದಿದರೆ ನೀನು ಎಲ್ಲಿಯೂ ಅದಕ್ಕೆ ಹೆಸರಿಟ್ಟಿಲ್ಲ. ರಾತ್ರಿ ಒಬ್ಬನಿಗೆ ಕೆಮ್ಮು ಬಂದರೆ ಇನ್ನೊಬ್ಬ ಎದ್ದು ದೀಪ ಹಚ್ಚುತ್ತಾನೆ, ಅಷ್ಟೇ. ಅರ್ಥಮಾಡಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಒಪ್ಪಿಕೊಳ್ಳಲು ಸ್ವಲ್ಪ ಸಮಯ ಬೇಕು; ಸುಳ್ಳು ಹೇಳಿ ನಿನ್ನನ್ನು ಮೆಚ್ಚಿಸಲಾರೆ.

ಇಪ್ಪತ್ತಾರನೆಯ ಪುಟದಲ್ಲಿ ನಾನು ಓದುವುದನ್ನು ನಿಲ್ಲಿಸಿ ಹೊರಗೆ ಹೋದೆ. 1906ರ ಹೊತ್ತಿಗೆ ಐಲ್ ಆಫ್ ವೈಟ್ ದ್ವೀಪದಲ್ಲಿ ಕಾಣಿಸಿಕೊಂಡು ಇಂಗ್ಲೆಂಡಿನ ಜೇನನ್ನು ಬಹುಪಾಲು ಹಾಳುಗೆಡವಿದ ರೋಗವನ್ನು ನೀನು ಹೋಮ್ಸ್‌ನ ಪೆಟ್ಟಿಗೆಗಳಿಗೂ ತಂದಿದ್ದೀಯೆ. ಹಾರಲಾರದ ಹುಳುಗಳು ಹುಲ್ಲಿನ ಮೇಲೆ ತೆವಳುತ್ತವೆ. ಜಗತ್ತಿನ ಅಪರಾಧಗಳನ್ನೆಲ್ಲ ಬಿಡಿಸಿದವನಿಗೆ ಈ ಸಾವಿನ ಕಾರಣ ಸಿಗುವುದಿಲ್ಲ. ಅವನು ಬರಿದಾದ ಪೆಟ್ಟಿಗೆಗಳ ಮುಂದೆ ಮಣೆ ಹಾಕಿಕೊಂಡು ಕುಳಿತಿರುತ್ತಾನೆ. ಇಂಗ್ಲೆಂಡಿನಲ್ಲಿ ಯಾರೂ ಮಣೆ ಹಾಕಿಕೊಂಡು ಕೂರುವುದಿಲ್ಲ, ಕೂಸೇ. ಅದು ನಮ್ಮ ಮನೆಯ ಹಿತ್ತಿಲು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಸಂಸಾರಗಳು ಬಹುಪಾಲು ನಾಶವಾದಾಗ ನನ್ನ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಮರಿಹುಳುಗಳು ನೀರು ತುಂಬಿದ ಚೀಲಗಳಂತಾಗಿ ಸತ್ತವು. ನೀನು ಹುಟ್ಟಿದ್ದು ಅದೆಷ್ಟೋ ವರ್ಷಗಳ ಮೇಲೆ. ನಾನು ಹಾಗೆ ಕುಳಿತಿದ್ದನ್ನು ಆಯಿ ನಿನಗೆ ಹೇಳಿರಬೇಕು. ನಾನು ನಕ್ಕದ್ದು ಯಾರನ್ನು ಎಂದು ಆಗ ತಿಳಿಯಿತು.

ಆದರೆ ನನ್ನನ್ನು ರಾತ್ರಿಯಿಡೀ ಏಳಿಸಿ ಕೂರಿಸುತ್ತಿರುವುದು ಅದಲ್ಲ. ನಿನಗೆ ಒಂಬತ್ತು ವರ್ಷ; ಶ್ರಾವಣದ ಮಳೆ; ದೇವಸ್ಥಾನದಲ್ಲಿ ಚಂದ್ರಹಾಸನ ತಾಳಮದ್ದಳೆ. ದುಷ್ಟಬುದ್ಧಿಯ ಪಾತ್ರ ನನ್ನದು. ನೀನು ಕೊನೆಯತನಕ ನಿದ್ದೆ ಮಾಡದೆ ಚಾಪೆಯ ಮೇಲೆ ಕುಳಿತಿದ್ದೆ. ವಾಪಸು ಬರುವಾಗ ಒಂದೇ ಕೊಡೆ, ಒಂದೇ ಟಾರ್ಚು, ತೋಟದ ಕಾಲುಸಂಕದ ಮೇಲೆ ನಿನ್ನ ಕೈ ಹಿಡಿದಿದ್ದೆ. ಆಗ ನೀನು ಕೇಳಿದೆ: 'ಅಪ್ಪಾ, ಆಮೇಲೆ ಎಂತಾತು?' ಮಂಗಳ ಹಾಡಿದ ಮೇಲೆ ಏನೂ ಆಗುವುದಿಲ್ಲ, ಕಾಲು ನೋಡಿ ಇಡು ಎಂದೆ. ನೀನು ಬಿಡಲಿಲ್ಲ.

ನಿನ್ನ ಪ್ರಶ್ನೆ ಎಂಥದ್ದಾಗಿತ್ತು ಎಂಬುದು ನನಗೆ ಈಗ ಕಾಣುತ್ತಿದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ವಿಷಯೆ, ಉದ್ಯಾನದಲ್ಲಿ ಮಲಗಿದ್ದ ಚಂದ್ರಹಾಸನ ಬಳಿ ತನ್ನ ಅಪ್ಪ ದುಷ್ಟಬುದ್ಧಿ ಬರೆದ ಪತ್ರವನ್ನು ಕಂಡು ಓದುತ್ತಾಳೆ. ಇವನಿಗೆ 'ವಿಷವ' ಕೊಡು ಎಂದಿದೆ. ಅಪ್ಪ ಕೊಲೆಗಾರನಿರಬಹುದು ಎಂದು ಅವಳಿಗೆ ಹೊಳೆಯುವುದೇ ಇಲ್ಲ. ಅಪ್ಪ ಕೈತಪ್ಪಿ ಬರೆದಿದ್ದಾನೆ ಎಂದುಕೊಂಡು 'ವ'ವನ್ನು 'ಯೆ' ಮಾಡುತ್ತಾಳೆ. ವಿಷವ ಹೋಗಿ ವಿಷಯೆ ಆಗುತ್ತದೆ, ಸಾಯಬೇಕಾದವನು ಅಳಿಯನಾಗುತ್ತಾನೆ. ಕೊನೆಗೆ ಕಾಳಿಯ ಗುಡಿಯಲ್ಲಿ ವಿಷಯೆಯ ಸೋದರ ಮದನನೂ ದುಷ್ಟಬುದ್ಧಿಯೂ ಸತ್ತು, ಚಂದ್ರಹಾಸನ ಭಕ್ತಿಯಿಂದ ಮತ್ತೆ ಬದುಕುತ್ತಾರೆ. ಅಲ್ಲಿಗೆ ನಾವೆಲ್ಲ ಕೈಮುಗಿದು ಏಳುತ್ತೇವೆ. ಆದರೆ ಬದುಕಿ ಎದ್ದವರು ಮನೆಗೆ ಹೋಗಬೇಕಲ್ಲ, ಅಲ್ಲಿ ಮಗಳು ಇರುತ್ತಾಳಲ್ಲ. ಅಪ್ಪ ಬರೆದದ್ದು ಕೈತಪ್ಪಿ ಅಲ್ಲ ಎಂದು ವಿಷಯೆಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಅವಳು ಅಪ್ಪನ ಸಂಗಡ ಮಾತಾಡಿದಳೋ ಇಲ್ಲವೋ ಎಂದು ನೀನು ಕೇಳಿದ್ದೆ. ಆ ಪಾತ್ರವನ್ನು ಅದೆಷ್ಟೋ ಸಲ ಹೇಳಿದ ನನಗೆ ಒಮ್ಮೆಯೂ ಈ ಪ್ರಶ್ನೆ ಬಂದಿರಲಿಲ್ಲ. ನಿದ್ದೆಗೆಟ್ಟ ಮಗುವಿನ ಹಲುಬು ಎಂದುಕೊಂಡು ಸುಮ್ಮನಾಗಿಸಿದೆ.

ನೀನೇ ಉತ್ತರ ಬರೆದೆ. ಕನ್ನಡ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಪೆನ್ಸಿಲ್ಲಿನಲ್ಲಿ, ಐದೋ ಆರೋ ಪುಟ. ಓದಿ ನೋಡು ಎಂದು ತಂದು ಕೊಟ್ಟೆ. ನಾನು ಕನ್ನಡ ಮೇಷ್ಟ್ರು. ಕೆಂಪು ಪೆನ್ನು ಕಿಸೆಯಲ್ಲಿಯೇ ಇರುತ್ತಿತ್ತು. ತಪ್ಪುಗಳಿಗೆಲ್ಲ ಅಡಿಗೆರೆ ಎಳೆದು, ಬದಿಗೆ ಸರಿರೂಪ ಬರೆದು, ಕೊನೆಯಲ್ಲಿ 'ಕಾಗುಣಿತ ಸುಧಾರಿಸಬೇಕು' ಎಂದು ಷರಾ ಹಾಕಿ ಮರಳಿಸಿದೆ. ಮೊನ್ನೆಯಿಂದ ಆ ಕಥೆಯನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ, ಒಂದು ಸಾಲೂ ಬರುತ್ತಿಲ್ಲ. ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ನೋಡಿದೆ. ನಿನ್ನ ಏಳನೆಯ ತರಗತಿಯಿಂದೀಚಿನ ಪುಸ್ತಕಗಳು ಮಾತ್ರ ಇವೆ. ನೆನಪಿರುವುದು ಒಂದೇ ಪದ, ಅದೂ ತಪ್ಪಾಗಿದ್ದುದರಿಂದ ನೆನಪಿದೆ: ನೀನು 'ಬಡಿಸಿದಲು' ಎಂದು ಬರೆದಿದ್ದೆ, ನಾನು 'ಲ'ವನ್ನು 'ಳ' ಮಾಡಿದ್ದೆ. ಯಾರು ಯಾರಿಗೆ ಬಡಿಸಿದಳು? ವಿಷಯೆ ಅಪ್ಪನಿಗೆ ಬಡಿಸಿದಳೇ? ಎಲ್ಲವೂ ಗೊತ್ತಾದ ಮೇಲೆಯೋ, ಮೊದಲೋ? ಮಾತಾಡದೆ ಬಡಿಸಿದಳೇ? ಅಥವಾ ಆ ಪದ ಬೇರೆ ಯಾರದೋ ಊಟಕ್ಕೆ ಸೇರಿದ್ದೇ? ನಾನು ಓದಿದ್ದು ಹೌದು, ಪ್ರತಿ ಅಕ್ಷರವನ್ನೂ ಓದಿದ್ದೇನೆ, ಆದರೂ ನನಗೆ ಗೊತ್ತಿಲ್ಲ. ಆಮೇಲೆ ನೀನು ನನಗೆ ಏನನ್ನೂ ಓದಲು ಕೊಟ್ಟವಳಲ್ಲ. ಹುಡುಗಿ ದೊಡ್ಡವಳಾದಳು, ಆಟ ಬಿಟ್ಟಳು ಎಂದು ನಾನು ತಿಳಿದಿದ್ದೆ. ನೀನು ಬರೆಯುವುದನ್ನು ಬಿಟ್ಟಿರಲೇ ಇಲ್ಲ.

ಈಗ ನಿನ್ನ ಕಥೆಯ ಬಗ್ಗೆ ಎರಡು ಮಾತು. ಅರ್ಥಗಾರಿಕೆಯಲ್ಲಿ ಔಚಿತ್ಯ ಎಂಬುದೊಂದಿದೆ. ಪಾತ್ರವನ್ನು ಎಷ್ಟು ಬೇಕಾದರೂ ಬಗ್ಗಿಸಬಹುದು, ಮುರಿಯಬಾರದು. ಭೀಷ್ಮನಿಂದ ಹಾಸ್ಯಗಾರನ ಮಾತನ್ನು ಆಡಿಸಿದರೆ ಸಭೆ ಎದ್ದು ಹೋಗುತ್ತದೆ. ಹದಿನೇಳನೆಯ ಪುಟದಲ್ಲಿ ಹೋಮ್ಸ್ ಅರ್ಧ ಪುಟ ಅಳುತ್ತಾನೆ. ಅವನು ಅಳುವವನಲ್ಲ, ಅಳು ಬಂದಾಗ ವಾಟ್ಸನ್‌ನ ಚಹದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಜಗಳ ತೆಗೆಯುವವನು. ಹಾಗೆಯೇ, ಕಥೆಗಳ ಕೊನೆಯಲ್ಲಿ ಬರೆದ ಹೊತ್ತು ನಮೂದಾಗಿದೆ, ನಾನು ನೋಡಿದೆ: ರಾತ್ರಿ ಎರಡೂವರೆ, ಮೂರು. ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿರಬೇಕಾದವಳು ಮೂರು ಗಂಟೆಯವರೆಗೆ ಕಣ್ಣು ಕೆಡಿಸಿಕೊಂಡರೆ ನಲವತ್ತಕ್ಕೆ ಏನು ಗತಿ? ಬರೆಯುವುದು ಒಳ್ಳೆಯದೇ, ಆದರೆ ಇಲ್ಲದವರ ಮುಪ್ಪಿನ ಚಿಂತೆಯಲ್ಲಿ ಇರುವ ನಿನ್ನ ಇಪ್ಪತ್ತೇಳು ವರ್ಷ ಕಳೆದುಹೋಗಬಾರದು. ಮೇ ತಿಂಗಳಲ್ಲಿ ಬಂದ ಆ ಸಂಬಂಧದ ವಿಷಯವಾಗಿ ನಿನ್ನ ಆಯಿ ಇನ್ನೂ — ಇಲ್ಲ, ಇದನ್ನು ಬರೆಯಬಾರದೆಂದು ಕೂತಿದ್ದೆ. ನೋಡು, ಮತ್ತೆ ಕೆಂಪು ಪೆನ್ನೇ ಕೈಗೆ ಬಂತು. ಈ ಭಾಗವನ್ನು ಹೊಡೆದುಹಾಕಿ ಓದು. ಹದಿನೇಳನೆಯ ಪುಟದ ಮಾತು ಮಾತ್ರ ಇರಲಿ, ಅದು ಸರಿಯಾಗಿದೆ.

ಈ ಪತ್ರದೊಂದಿಗೆ ಚಕ್ಕುಲಿ ಡಬ್ಬಿಯನ್ನೂ ಒಂದು ಬಾಟಲಿ ತುಡುವೆ ಜೇನುತುಪ್ಪವನ್ನೂ ಬೆಂಗಳೂರಿಗೆ ಹೊರಟವರೊಬ್ಬರ ಕೈಯಲ್ಲಿ ಕೊಟ್ಟಿದ್ದೇನೆ. ಚಕ್ಕುಲಿ ಸ್ವಲ್ಪ ಮೆತ್ತಗಾಗಿರಬಹುದು. ಡಬ್ಬಿಯನ್ನು ಮರಳಿ ತರುವುದನ್ನು ಮರೆಯಬೇಡ, ಅದು ಆಯಿಯ ಲೆಕ್ಕದಲ್ಲಿದೆ.

ನವರಾತ್ರಿಯಲ್ಲಿ ದೇವಸ್ಥಾನದಲ್ಲಿ ಮತ್ತೆ ಚಂದ್ರಹಾಸ ಇಟ್ಟುಕೊಂಡಿದ್ದಾರೆ, ದುಷ್ಟಬುದ್ಧಿ ಮತ್ತೆ ನನಗೇ ಬಂದಿದೆ. ಬದುಕಿ ಎದ್ದ ದುಷ್ಟಬುದ್ಧಿಗೆ ಮಾತಿಗೆ ಅವಕಾಶವಿರುವುದಿಲ್ಲ, ಭಾಗವತರು ಮಂಗಳಕ್ಕೆ ಇಳಿದುಬಿಡುತ್ತಾರೆ. ಈ ಸಲ ಅವರಲ್ಲಿ ಐದು ನಿಮಿಷ ಬೇಡಿಕೊಂಡಿದ್ದೇನೆ. ವಿಷಯೆಯ ಅರ್ಥ ಹೇಳುವವರೂ ಕೂತಿರುತ್ತೇನೆ ಎಂದಿದ್ದಾರೆ. ಮಗಳೆದುರು ಬಂದು ನಿಂತವನು ಮೊದಲ ಮಾತು ಏನು ಆಡಬೇಕೆಂಬುದು ನಾಲ್ಕು ದಿನಗಳಿಂದ ಹೊಳೆಯುತ್ತಿಲ್ಲ. ಆ ನೋಟ್‌ಬುಕ್ಕಿನಲ್ಲಿ ಯಾರು ಯಾರಿಗೆ ಬಡಿಸಿದರೆಂದು ನಿನಗೆ ನೆನಪಿದ್ದರೆ ಬರೆದು ತಿಳಿಸು. ಫೋನಿನಲ್ಲಿ ಆಯಿಗೆ ಹೇಳಿದರೂ ಆದೀತು.

ಇತಿ,
ನಿನ್ನ ಅಪ್ಪ